ಉರುಮೆ (ಚರ್ಮವಾದ್ಯ)

ಉರುಮೆಯು ಕರ್ನಾಟಕದ ಬಯಲುಸೀಮೆಯಲ್ಲಿ, ಮುಖ್ಯವಾಗಿ ಚಿತ್ರದುರ್ಗ, ತುಮಕೂರು ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ, ದೈವಾರಾಧನೆಯ ಸಂದರ್ಭಗಳಲ್ಲಿ ಬಳಕೆಯಲ್ಲಿರುವ ಎರಡು ಮುಖಗಳ ಚರ್ಮವಾದ್ಯ. ಇದರ ನಡು ಸಣ್ಣಗಿದ್ದು ಎರಡೂ ತುದಿಗಳು ಅಗಲವಾಗಿರುತ್ತವೆ. ಒಂದು ಮುಖವನ್ನು ಕೋಲಿನಿಂದ ಬಡಿದರೆ, ಇನ್ನೊಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜಿ ನುಡಿಸುತ್ತಾರೆ. ತಮಟೆ, ಡೊಳ್ಳು, ನಗಾರಿ, ಚಂಡೆ, ಸಮಾಳ ಮೊದಲಾದ ಕನ್ನಡ ನಾಡಿನ ಚರ್ಮವಾದ್ಯಗಳು ಬಹುತೇಕ ಬಡಿದು ನುಡಿಸುವಂಥವು. ಉಜ್ಜಿ ನುಡಿಸುವ ಚರ್ಮವಾದ್ಯವೆಂಬ ಕಾರಣಕ್ಕೆ ಉರುಮೆಗೆ ವಿಶಿಷ್ಟ ಸ್ಥಾನವಿದೆ. ಮ್ಯಾಸಬೇಡರ ಆರಾಧನಾ ಸಂಪ್ರದಾಯದೊಡನೆ ಇದು ನಿಕಟ ಸಂಬಂಧ ಹೊಂದಿದೆ. ಇತ್ತೀಚಿನ ದಶಕಗಳಲ್ಲಿ ಹಳೆಯ ಉರುಮೆಗಳು ವಸ್ತುಸಂಗ್ರಹಾಲಯಗಳ ಮತ್ತು ಜನಪದ ವಾದ್ಯಗಳ ಸಂಗ್ರಾಹಕರ ಆಸಕ್ತಿಯನ್ನೂ ಸೆಳೆದಿವೆ.

ಹೆಸರು

ವಾದ್ಯದ ಹೆಸರು ಅದರ ನಾದವನ್ನೇ ಸೂಚಿಸುತ್ತದೆ. ತೆಲುಗಿನಲ್ಲಿ ‘ಉರುಮು’ ಎಂದರೆ ಗುಡುಗು. ತಮಿಳಿನಲ್ಲಿ ಇದಕ್ಕೆ ಹತ್ತಿರದ ಕ್ರಿಯಾಪದಕ್ಕೆ ಪ್ರಾಣಿಯು ಗುರುಗುಟ್ಟುವುದು ಎಂಬ ಅರ್ಥವಿದೆ. ತಮಿಳುನಾಡಿನಲ್ಲಿ ಇದೇ ವಾದ್ಯವನ್ನು ‘ಉರುಮಿ’ ಎಂದೂ, ಆಂಧ್ರಪ್ರದೇಶದ ಅನಂತಪುರ ಸೀಮೆಯಲ್ಲಿ ‘ಉರುಮು’ ಎಂದೂ ಕರೆಯುತ್ತಾರೆ. ಕೇರಳದ ಕಳರಿಪಯಟ್ಟಿನಲ್ಲಿ ಬಳಸುವ ಬಳುಕುವ ಕತ್ತಿಗೂ ‘ಉರುಮಿ’ ಎಂಬ ಹೆಸರಿದೆ. 2011ರ ಮಲಯಾಳಂ ಚಲನಚಿತ್ರದ ಶೀರ್ಷಿಕೆಯಲ್ಲಿರುವುದು ಆ ಕತ್ತಿ, ಈ ವಾದ್ಯವಲ್ಲ.

ಪ್ರದೇಶ ಮತ್ತು ಸಮುದಾಯ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಉರುಮೆಯ ಮುಖ್ಯ ನೆಲೆಗಳಲ್ಲಿ ಸೇರುತ್ತವೆ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿರುವ ರಾಂಪುರವು ಮೊಳಕಾಲ್ಮೂರು ತಾಲ್ಲೂಕಿನ ದೊಡ್ಡ ಊರುಗಳಲ್ಲೊಂದು. ಅದರ ಒಂದು ಬದಿಗೆ ಬಳ್ಳಾರಿ ಜಿಲ್ಲೆ, ಇನ್ನೊಂದು ಬದಿಗೆ ಆಂಧ್ರಪ್ರದೇಶದ ರಾಯದುರ್ಗ ಸೀಮೆ. ಈ ಭಾಗದಲ್ಲಿ ಕನ್ನಡ ಮತ್ತು ತೆಲುಗು ಎರಡೂ ಮನೆಮಾತುಗಳು. ಗಡಿಯ ಎರಡೂ ಕಡೆ ಒಂದೇ ವಾದ್ಯ ಕೇಳಿಬರುವುದು ಆಶ್ಚರ್ಯವಲ್ಲ. ರಾಜ್ಯಗಳ ಗಡಿ ಮೂಡಿದ್ದು ವಾದ್ಯ ಹುಟ್ಟಿದ ಬಹುಕಾಲದ ನಂತರ.

ಮ್ಯಾಸಬೇಡರು ಮೂಲತಃ ಪಶುಪಾಲಕರು. ಊರುಬೇಡರಿಂದ ತಮ್ಮನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳುವ ಇವರು ಗಾದ್ರಿ ಪಾಲನಾಯಕ ಮೊದಲಾದ ಸಾಂಸ್ಕೃತಿಕ ವೀರರನ್ನು ಆರಾಧಿಸುತ್ತಾರೆ. ದೇವರ ಹೆಸರಿನಲ್ಲಿ ಬಿಟ್ಟ ‘ದೇವರ ಎತ್ತು’ಗಳನ್ನು ಸಾಕುವುದು, ಅವನ್ನು ಕಾಯಲು ಕಿಲಾರಿಗಳನ್ನು ನೇಮಿಸುವುದು, ದೇವರ ಸಾಮಗ್ರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದು ಇವರ ಸಂಪ್ರದಾಯದ ಮುಖ್ಯ ಅಂಗಗಳು. ಪೆಟ್ಟಿಗೆ ದೇವರನ್ನು ಹೊರಡಿಸುವಾಗ, ದೇವರ ಎತ್ತುಗಳನ್ನು ಮೆರೆಸುವಾಗ, ಜಾತ್ರೆ ಮತ್ತು ಪರಿಷೆಗಳಲ್ಲಿ ಉರುಮೆಯ ನಾದ ಇರಬೇಕೆಂಬುದು ರೂಢಿ.

ಅನಂತಪುರ ಸೀಮೆಯಲ್ಲಿ ಉರುಮೆ ನುಡಿಸುತ್ತಾ ಕುಣಿಯುವ ‘ಉರುಮುಲು’ ಎಂಬ ಕಲಾಪ್ರಕಾರವಿದ್ದು, ಅಕ್ಕಮ್ಮ ದೇವತೆಯ ಆರಾಧನೆಯೊಡನೆ ಅದಕ್ಕೆ ನಂಟಿದೆ. ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿ ತೆಲುಗು ಮನೆಮಾತಿನ ರಾಜಕಂಬಳ ನಾಯಕರ್ ಸಮುದಾಯದವರು ‘ದೇವರಾಟ್ಟಂ’ ಎಂಬ ಕುಣಿತಕ್ಕೆ ಇದೇ ಜಾತಿಯ ವಾದ್ಯವನ್ನು ‘ದೇವ ದುಂದುಭಿ’ ಎಂಬ ಹೆಸರಿನಲ್ಲಿ ಬಳಸುತ್ತಾರೆ. ದೇವರಿಗೆ ಬಿಟ್ಟ ದನಗಳ ಆರಾಧನೆ ಅವರಲ್ಲಿಯೂ ಉಂಟು. ಪಶುಪಾಲಕ ಸಮುದಾಯಗಳ ನಡುವಿನ ಈ ಹೋಲಿಕೆ ಉರುಮೆಯ ಹಿನ್ನೆಲೆಯನ್ನು ತಿಳಿಯುವವರು ಗಮನಿಸಬೇಕಾದ ಸಂಗತಿ. ತಮಿಳರ ವಲಸೆಯೊಡನೆ ಉರುಮಿ ಮಲೇಷ್ಯಾ ಮತ್ತು ಸಿಂಗಪುರಗಳಿಗೂ ತಲುಪಿದೆ. ಅಲ್ಲಿನ ‘ಉರುಮಿ ಮೇಳ’ಗಳು ಯುವಕರ ತಂಡಗಳಾಗಿ ಬೆಳೆದಿವೆ.

ರಚನೆ ಮತ್ತು ತಯಾರಿಕೆ

ಉರುಮೆಯ ಅಂಗಗಳು ನಾಲ್ಕು: ಒಡಲು, ಬಳೆಗೆ ಬಿಗಿದ ಎರಡು ಚರ್ಮದ ಮುಖಗಳು, ಅವನ್ನು ಬಂಧಿಸುವ ಹಗ್ಗ ಮತ್ತು ನುಡಿಸುವ ಕೋಲುಗಳು.

ಒಡಲು ಡಮರುಗದ ಆಕಾರದ್ದು, ಆದರೆ ಗಾತ್ರದಲ್ಲಿ ಅದಕ್ಕಿಂತ ಬಹಳ ದೊಡ್ಡದು. ಇದನ್ನು ಮರದಿಂದಲೂ ಲೋಹದಿಂದಲೂ ಮಾಡುತ್ತಾರೆ. ಮರದ ಒಡಲನ್ನು ಒಂದೇ ತುಂಡಿನಿಂದ ಕೊರೆದು ತೆಗೆಯುವುದು ಹಳೆಯ ಕ್ರಮ. ಎರಡೂ ತುದಿಗಳಿಂದ ಒಳಗೆ ಕೊರೆಯುತ್ತಾ ಬಂದು ನಡುವಿನಲ್ಲಿ ಕೂಡಿಸಬೇಕಾದ್ದರಿಂದ ಇದು ನೇರ ಕೊಳವೆಯಾಕಾರದ ಡೊಳ್ಳಿನ ಒಡಲಿಗಿಂತ ಕಷ್ಟದ ಕೆಲಸ. ನಡುವಿನಲ್ಲಿ ಗೋಡೆ ತೆಳುವಾದರೆ ಒಡಲು ಸೀಳುತ್ತದೆ. ದಪ್ಪವಾದರೆ ವಾದ್ಯ ಭಾರವಾಗಿ, ಮೆರವಣಿಗೆಯುದ್ದಕ್ಕೂ ಹೆಗಲಿಗೆ ಹೊರೆಯಾಗುತ್ತದೆ.

ಮುಖಗಳಿಗೆ ಬಳಸುವುದು ಹದ ಮಾಡದ ಹಸಿಚರ್ಮ. ಈ ವ್ಯತ್ಯಾಸವನ್ನು ತಿಳಿಯುವುದು ಅಗತ್ಯ. ಬಯಲುಸೀಮೆಯಲ್ಲಿ ಧಾರಾಳವಾಗಿ ಬೆಳೆಯುವ ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದಮಾಡುವುದು ದಕ್ಷಿಣ ಭಾರತದ ಹಳೆಯ ಉದ್ಯೋಗ. ಹಾಗೆ ಹದವಾದ ಚರ್ಮ ಮೆತ್ತಗಾಗಿ, ಕೊಳೆಯದೆ, ಕಪಿಲೆಯ ಚೀಲಕ್ಕೋ ಚಪ್ಪಲಿಗೋ ಒದಗುತ್ತದೆ. ಆದರೆ ಅದು ನಾದ ಕೊಡುವುದಿಲ್ಲ. ವಾದ್ಯಕ್ಕೆ ಬೇಕಾದ ಚರ್ಮವನ್ನು ನೆನೆಸಿ, ರೋಮ ಮತ್ತು ಒಳಪದರದ ಮಾಂಸವನ್ನು ಕೆರೆದು, ಹಸಿಯಾಗಿರುವಾಗಲೇ ಬಳೆಗೆ ಎಳೆದು ಕಟ್ಟಿ ಬಿಸಿಲಿನಲ್ಲಿ ಒಣಗಿಸುತ್ತಾರೆ. ಒಣಗುತ್ತಾ ಚರ್ಮ ತಾನೇ ಕುಗ್ಗಿ ಬಿಗಿಯಾಗುತ್ತದೆ. ರೋಮ ತೆಗೆಯಲು ಸುಣ್ಣವನ್ನು ಅತಿಯಾಗಿ ಬಳಸಿದರೆ ಚರ್ಮದ ನಾರು ಸಡಿಲಗೊಂಡು ಮುಖ ಬೇಗ ಹರಿಯುತ್ತದೆ. ಚರ್ಮದ ಕೆಲಸ ತಿಳಿದವರು ಮಾತ್ರ ಈ ಪ್ರಮಾಣವನ್ನು ಬಲ್ಲರು. ಅದು ಯಾವ ಪುಸ್ತಕದಿಂದಲೂ ಕಲಿಯುವ ವಿದ್ಯೆಯಲ್ಲ.

ಬಳೆಗಳು ಒಡಲಿನ ಬಾಯಿಗಿಂತ ತುಸು ಅಗಲವಾಗಿರುತ್ತವೆ. ಮುಖಗಳ ಅಂಚಿನಲ್ಲಿ ರಂಧ್ರಗಳನ್ನು ಮಾಡಿ, ಒಂದು ಮುಖದಿಂದ ಇನ್ನೊಂದಕ್ಕೆ ಹಗ್ಗವನ್ನು ಓರೆಯಾಗಿ ಹಾಯಿಸಿ ಎಳೆಯುತ್ತಾರೆ. ನಡುವಿನಲ್ಲಿ ಈ ಹಗ್ಗಗಳನ್ನೆಲ್ಲ ಸುತ್ತಿ ಹಿಡಿಯುವ ಇನ್ನೊಂದು ಪಟ್ಟಿ ಇರುತ್ತದೆ. ಅದನ್ನು ಬಿಗಿದರೆ ಎರಡೂ ಮುಖಗಳು ಒಟ್ಟಿಗೆ ಬಿಗಿಯಾಗಿ ಸ್ಥಾಯಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ನಡು ಸಣ್ಣಗಿರುವ ವಾದ್ಯಗಳಿಗೆಲ್ಲ ಇರುವ ಅನುಕೂಲವಿದು. ಒಡಲು ಉಬ್ಬಿದ್ದರೆ ಹಗ್ಗವನ್ನು ಒಳಕ್ಕೆ ಎಳೆಯಲು ಜಾಗವೇ ಇರುವುದಿಲ್ಲ.

ನುಡಿಸುವ ಕ್ರಮ ಮತ್ತು ನಾದ

ವಾದ್ಯವನ್ನು ಹೆಗಲಿಗೆ ಅಥವಾ ಕೊರಳಿಗೆ ಪಟ್ಟಿಯಿಂದ ತೂಗುಹಾಕಿ, ಸೊಂಟದ ಮಟ್ಟದಲ್ಲಿ ಅಡ್ಡವಾಗಿ ಹಿಡಿಯುತ್ತಾರೆ. ಸಾಮಾನ್ಯವಾಗಿ ಬಲಮುಖದ ಮೇಲೆ ಪೆಟ್ಟು, ಎಡಮುಖದ ಮೇಲೆ ಉಜ್ಜು. ಉಜ್ಜುವ ಮುಖಕ್ಕೆ ರಾಳದಂಥ ಅಂಟುಗುಣದ ಲೇಪವನ್ನು ಸವರುತ್ತಾರೆ. ಬಾಗಿದ ಕೋಲಿನ ತುದಿಯನ್ನು ಚರ್ಮಕ್ಕೆ ಒತ್ತಿ ಎಳೆದಾಗ ಹಸು ಕೂಗಿದಂತೆಯೂ, ದೂರದ ಗುಡುಗು ಉರುಳಿದಂತೆಯೂ ಕೇಳುವ ದೀರ್ಘ ನಾದ ಹೊರಡುತ್ತದೆ.

ಇದರ ಹಿಂದಿರುವುದು ಪಿಟೀಲಿನ ಕಮಾನಿನ ತತ್ತ್ವವೇ. ಕೋಲು ಚರ್ಮದ ಮೇಲೆ ಒಂದೇ ಸಮನೆ ಜಾರುವುದಿಲ್ಲ. ಲೇಪದ ಅಂಟಿನಿಂದಾಗಿ ಅದು ಚರ್ಮವನ್ನು ಹಿಡಿದು ತನ್ನೊಡನೆ ಎಳೆಯುತ್ತದೆ. ಎಳೆತ ಹೆಚ್ಚಾದಾಗ ಚರ್ಮ ಬಿಡಿಸಿಕೊಂಡು ಹಿಂದಕ್ಕೆ ಚಿಮ್ಮುತ್ತದೆ. ಮರುಕ್ಷಣವೇ ಕೋಲು ಅದನ್ನು ಮತ್ತೆ ಹಿಡಿಯುತ್ತದೆ. ಕ್ಷಣವೊಂದರಲ್ಲಿ ಹಲವಾರು ಬಾರಿ ನಡೆಯುವ ಈ ಹಿಡಿ-ಬಿಡುಗಳೇ ನಾದವಾಗುತ್ತವೆ. ಕೋಲಿನ ಒತ್ತಡವನ್ನು ಏರಿಳಿಸಿ ವಾದಕನು ನಾದವನ್ನು ಜಾರಿಸುತ್ತಾನೆ. ಬಡಿದ ಪೆಟ್ಟು ಹುಟ್ಟಿದೊಡನೆ ಕರಗುತ್ತದೆ, ಉಜ್ಜಿದ ನಾದ ಕೈ ಆಡುವಷ್ಟು ಕಾಲ ನಿಲ್ಲುತ್ತದೆ. ದೇವರು ಮೈದುಂಬುವ ಸಂದರ್ಭದಲ್ಲಿ ಉರುಮೆಗೆ ಇರುವ ಪ್ರಾಧಾನ್ಯಕ್ಕೆ ಈ ಎಡೆಬಿಡದ ನಾದವೂ ಒಂದು ಕಾರಣವೆನ್ನಬಹುದು.

ಉಜ್ಜಿ ನುಡಿಸುವ ಚರ್ಮವಾದ್ಯಗಳು ಹೊರದೇಶಗಳಲ್ಲಿಯೂ ಇವೆ. ಬ್ರೆಜಿಲ್‌ನ ಕುಯೀಕಾ, ಸ್ಪೇನಿನ ಸಂಬೊಂಬ ಪ್ರಸಿದ್ಧವಾದವು. ಅವುಗಳಲ್ಲಿ ಕಡ್ಡಿಯನ್ನು ಚರ್ಮಕ್ಕೇ ಕಟ್ಟಿ, ಆ ಕಡ್ಡಿಯನ್ನು ಒದ್ದೆ ಬಟ್ಟೆಯಿಂದಲೋ ಕೈಯಿಂದಲೋ ಉಜ್ಜುತ್ತಾರೆ. ಉರುಮೆಯಲ್ಲಿ ಕೋಲು ಬೇರೆ, ಚರ್ಮ ಬೇರೆ.

ಪ್ರಾಚೀನತೆ

ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ಅವನದ್ಧವೆಂದರೆ ಚರ್ಮ ಹೊದಿಸಿದ ವಾದ್ಯ. ಕೊಳದ ತಾವರೆಯೆಲೆಗಳ ಮೇಲೆ ಮಳೆಹನಿ ಬೀಳುವ ಸದ್ದನ್ನು ಕೇಳಿ ಸ್ವಾತಿ ಎಂಬ ಮುನಿ ಪುಷ್ಕರ ವಾದ್ಯಗಳನ್ನು ರೂಪಿಸಿದನೆಂಬ ಕಥೆಯೂ ಅಲ್ಲಿದೆ. ನಡು ಸಣ್ಣಗಿರುವ ವಾದ್ಯಗಳಲ್ಲಿ ಶಾಸ್ತ್ರಗ್ರಂಥಗಳು ಹೆಚ್ಚಾಗಿ ಹೇಳುವುದು ‘ಹುಡುಕ್ಕ’ವನ್ನು. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನ ಸಂಗೀತರತ್ನಾಕರದ ವಾದ್ಯಾಧ್ಯಾಯದಲ್ಲಿ ಅದರ ವಿವರಣೆಯಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೂ ವಾದ್ಯಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದೆ.

ಶಿಲ್ಪಗಳಲ್ಲಿ ಚರ್ಮವಾದ್ಯಗಳು ಇನ್ನೂ ಹಿಂದಿನಿಂದ ಕಾಣಿಸಿಕೊಳ್ಳುತ್ತವೆ. ಬಾದಾಮಿಯ ಮೊದಲನೆಯ ಗುಹೆಯ ಹದಿನೆಂಟು ತೋಳುಗಳ ನಟರಾಜನ ಪಕ್ಕದಲ್ಲಿ (6ನೆಯ ಶತಮಾನ) ವಾದ್ಯ ನುಡಿಸುವವನಿದ್ದಾನೆ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಕಾಲಬಳಿ ಮದ್ದಲೆಗಾರರ ಸಾಲೇ ಇದೆ. ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿ ಮೆರವಣಿಗೆಯ ವಾದ್ಯಗಾರರನ್ನು ಕೆತ್ತಲಾಗಿದೆ. ಆದರೆ ಶಿಲ್ಪದಲ್ಲಿ ನಡು ಸಣ್ಣಗಿರುವ ವಾದ್ಯ ಕಂಡ ಮಾತ್ರಕ್ಕೆ ಅದನ್ನು ಉರುಮೆಯೆಂದು ಕರೆಯುವುದು ಸರಿಯಲ್ಲ. ಡಮರುಗ, ಬುಡುಬುಡಿಕೆ, ಕೊಡಗಿನ ದುಡಿ, ಹುಡುಕ್ಕ ಇವೆಲ್ಲವೂ ಅದೇ ಆಕಾರದವು. ಉರುಮೆಯನ್ನು ಉರುಮೆಯಾಗಿಸುವುದು ಒಡಲಿನ ಆಕಾರವಲ್ಲ, ಬಾಗಿದ ಕೋಲು.

ನುಡಿಸುವವರ ಸ್ಥಿತಿಗತಿ

ಉರುಮೆ ದೇವರ ಮುಂದೆ ನಡೆಯುವ ವಾದ್ಯವಾದರೂ ಅದನ್ನು ನುಡಿಸುವವರು ಹೆಚ್ಚಾಗಿ ಪರಿಶಿಷ್ಟ ಜಾತಿಗಳ ಕುಟುಂಬದವರು. ಚರ್ಮವನ್ನು ಸಿದ್ಧಪಡಿಸುವುದು ಮತ್ತು ಚರ್ಮವಾದ್ಯ ನುಡಿಸುವುದು ಎರಡನ್ನೂ ಒಂದೇ ಸಮುದಾಯಗಳ ಮೇಲೆ ಹೊರಿಸಿದ ಸಮಾಜವು, ಆ ವಾದ್ಯವಿಲ್ಲದೆ ದೇವರು ಹೊರಡುವುದಿಲ್ಲವೆಂದು ನಂಬಿತು; ನುಡಿಸಿದವನನ್ನು ಮಾತ್ರ ಗುಡಿಯ ಹೊರಗೆ ನಿಲ್ಲಿಸಿತು. ಈ ವಿರೋಧವನ್ನು ಬಿಟ್ಟು ಉರುಮೆಯ ಇತಿಹಾಸವನ್ನು ಬರೆಯಲಾಗದು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿ ಮತ್ತು ಅದನ್ನು ಆಧರಿಸಿ ಬಿ. ವಿ. ಕಾರಂತರು ನಿರ್ದೇಶಿಸಿದ 1975ರ ಚಲನಚಿತ್ರ ಕರಾವಳಿಯ ಬೇರೊಂದು ವಾದ್ಯದ ಸುತ್ತ ಹೆಣೆದವಾದರೂ ಇದೇ ವಿಷಯವನ್ನು ಕನ್ನಡ ಓದುಗರ ಮುಂದಿಟ್ಟವು.

1970ರ ದಶಕದಿಂದ ಬೆಳೆದ ದಲಿತ ಚಳವಳಿಯ ಪ್ರಭಾವದಲ್ಲಿ ಎರಡು ಪ್ರವೃತ್ತಿಗಳು ಒಟ್ಟೊಟ್ಟಿಗೆ ಕಾಣಿಸಿಕೊಂಡವು. ಕೆಲವರು ವಾದ್ಯ ನುಡಿಸುವುದನ್ನು ಬಿಟ್ಟಿ ಚಾಕರಿಯ ಗುರುತೆಂದು ಕೈಬಿಟ್ಟರು. ಇನ್ನು ಕೆಲವರು ಅದೇ ವಾದ್ಯವನ್ನು ಹೋರಾಟದ ಸಭೆಗಳಿಗೆ ಒಯ್ದರು. ತಮಟೆಯ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 2023ರಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ದೊರೆತದ್ದು ಆ ಬದಲಾವಣೆಯ ಒಂದು ಮಜಲು. ಉರುಮೆಗೆ ಅಷ್ಟು ವ್ಯಾಪಕ ಪ್ರಚಾರ ಸಿಕ್ಕಿಲ್ಲ. ಆರಾಧನೆಯ ಚೌಕಟ್ಟಿನಿಂದ ಅದು ತಮಟೆಯಷ್ಟು ಸುಲಭವಾಗಿ ಹೊರಬರುವುದಿಲ್ಲ. ವೇದಿಕೆಯ ಐದು ನಿಮಿಷದ ಪ್ರದರ್ಶನಕ್ಕೆ ಅದರ ನಿಧಾನಗತಿಯ ನಾದ ಒಗ್ಗುವುದೂ ಕಷ್ಟ. ಯುವಕನೊಬ್ಬ ಉರುಮೆಯನ್ನು ಬಿಟ್ಟು ಬೇರೆ ಉದ್ಯೋಗಕ್ಕೆ ಹೋದರೆ ಅದನ್ನು ಸಂಸ್ಕೃತಿಯ ನಾಶವೆಂದು ಮಾತ್ರ ನೋಡುವುದು ಏಕಪಕ್ಷೀಯವಾದೀತು.

ತಯಾರಕರ ಗುರುತು

ಕಾರ್ಖಾನೆಯಲ್ಲಿ ತಯಾರಾದ ಡ್ರಮ್‌ಗಳ ಸಂಗ್ರಹವು ಪಾಶ್ಚಾತ್ಯ ದೇಶಗಳಲ್ಲಿ ಬೆಳೆದ ಹವ್ಯಾಸ. ಅಲ್ಲಿ ವಾದ್ಯದ ಬೆಲೆ ನಿಲ್ಲುವುದು ತಯಾರಕರ ಗುರುತಿನ ಮೇಲೆ. ಉದಾಹರಣೆಗೆ, ವಿಲಿಯಂ ಮತ್ತು ಥಿಯೊಬಾಲ್ಡ್ ಲಡ್ವಿಗ್ ಸಹೋದರರು 1909ರಲ್ಲಿ ಷಿಕಾಗೋದಲ್ಲಿ ಕಾಲಿನಿಂದ ತುಳಿದು ನುಡಿಸುವ ದೊಡ್ಡ ಡ್ರಮ್ಮಿನ ಪೆಡಲ್ ತಯಾರಿಸುತ್ತಾ ಆರಂಭಿಸಿದ ಸಂಸ್ಥೆ, ಮುಂದೆ ‘ಲಡ್ವಿಗ್’ ಹೆಸರಿನ ಹಕ್ಕನ್ನೇ ಮಾರಬೇಕಾಯಿತು. ವಿಲಿಯಂ ಲಡ್ವಿಗ್ 1937ರಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳಿಂದ ‘ಡಬ್ಲ್ಯು. ಎಫ್. ಎಲ್.’ ಎಂಬ ಹೊಸ ಸಂಸ್ಥೆ ತೆರೆದು, 1955ರಲ್ಲಿ ಹಳೆಯ ಹೆಸರನ್ನು ಮರಳಿ ಪಡೆದರು. ಆದ್ದರಿಂದ ವಾದ್ಯಕ್ಕೆ ಅಂಟಿಸಿದ ಲೋಹದ ಬಿಲ್ಲೆಯನ್ನು ನೋಡಿಯೇ ಅದು ಯಾವ ಕಾಲದ್ದೆಂದು ಹೇಳಬಹುದು. 1964ರ ಫೆಬ್ರವರಿ 9ರಂದು ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಅಮೆರಿಕದ ದೂರದರ್ಶನದಲ್ಲಿ ಲಡ್ವಿಗ್ ಡ್ರಮ್ ನುಡಿಸಿದ ನಂತರ ಸಂಸ್ಥೆಯ ಬೇಡಿಕೆ ವಿಪರೀತ ಏರಿತು. ರಿಂಗೊ ಬಳಸಿದ ಒಂದು ಲಡ್ವಿಗ್ ಜೋಡಣೆ 2015ರ ಹರಾಜಿನಲ್ಲಿ 20 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು.

ಉರುಮೆಗೆ ಬಿಲ್ಲೆಯಿಲ್ಲ, ಕ್ರಮಸಂಖ್ಯೆಯಿಲ್ಲ. ಒಡಲು ಬಡಗಿಯ ಅಥವಾ ಲೋಹದ ಕೆಲಸದವನ ಕೈಯದು, ಮುಖ ಚರ್ಮದ ಕೆಲಸದವನದು, ಬಿಗಿತ ಮತ್ತು ಲೇಪ ನುಡಿಸುವವನದು. ಮುಖ ಹರಿದಾಗಲೆಲ್ಲ ಹೊಸದನ್ನು ಕಟ್ಟುವುದರಿಂದ ಒಂದೇ ಒಡಲು ಎರಡು ಮೂರು ತಲೆಮಾರಿನ ಕೈಗಳನ್ನು ಕಾಣುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಊರಿನ ಹೆಸರೂ ಇದೆ, ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅದೇ ನೆಲದ ಉರುಮೆಯಲ್ಲಿ ಮಾಡಿದವನ ಹೆಸರು ಮಾಡಿದವನೊಡನೆಯೇ ಮರೆಯಾಗುತ್ತದೆ. ಹೀಗಾಗಿ ಹಳೆಯ ಉರುಮೆಯ ಮೌಲ್ಯವು ವಾದ್ಯದ ಮೇಲೆ ಬರೆದಿರುವುದಿಲ್ಲ. ಅದರ ಜೊತೆಗೆ ಬರುವ ಮಾಹಿತಿಯಲ್ಲಿ ಮಾತ್ರ ಅದು ಉಳಿಯುತ್ತದೆ.

ಸಂಗ್ರಹದ ಇತಿಹಾಸ

ಭಾರತೀಯ ವಾದ್ಯಗಳ ವ್ಯವಸ್ಥಿತ ಸಂಗ್ರಹ 19ನೆಯ ಶತಮಾನದ ಉತ್ತರಾರ್ಧದಲ್ಲಿ ಆರಂಭವಾಯಿತು. ಕಲ್ಕತ್ತೆಯ ರಾಜಾ ಸೌರೀಂದ್ರಮೋಹನ ಟಾಗೋರ್ 1876ರಲ್ಲಿ ಬೆಲ್ಜಿಯಂ ದೊರೆಗೆ ಸುಮಾರು ನೂರು ವಾದ್ಯಗಳನ್ನು ಕಾಣಿಕೆಯಾಗಿ ಕಳುಹಿಸಿದರು. ಬ್ರಸೆಲ್ಸ್ ಸಂಗ್ರಹಾಲಯದ ಮೇಲ್ವಿಚಾರಕ ವಿಕ್ಟರ್ ಮಾಯೋನ್ ರಚಿಸಿದ ನಾಲ್ಕು ಬಗೆಯ ವಾದ್ಯ ವರ್ಗೀಕರಣ ಭರತನ ವಿಂಗಡಣೆಯನ್ನು ಹೋಲುತ್ತದೆ. ಅದನ್ನೇ ವಿಸ್ತರಿಸಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ 1914ರಲ್ಲಿ ಪ್ರಕಟಿಸಿದ ಪದ್ಧತಿಯನ್ನು ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳು ಅನುಸರಿಸುತ್ತವೆ. ಅದರಲ್ಲಿ ಬಡಿಯುವ ಚರ್ಮವಾದ್ಯಗಳಿಗೂ ಉಜ್ಜುವ ಚರ್ಮವಾದ್ಯಗಳಿಗೂ ಬೇರೆ ಬೇರೆ ಸ್ಥಾನಗಳಿವೆ. ಉರುಮೆ ಎರಡಕ್ಕೂ ಸಲ್ಲುವ ವಾದ್ಯ. ದಕ್ಷಿಣ ಭಾರತ ಮತ್ತು ದಖನ್ನಿನ ವಾದ್ಯಗಳ ಬಗ್ಗೆ ಕ್ಯಾಪ್ಟನ್ ಸಿ. ಆರ್. ಡೇ 1891ರಲ್ಲಿ ಪ್ರಕಟಿಸಿದ ಸಚಿತ್ರ ಗ್ರಂಥ ಆ ಕಾಲದ ಮುಖ್ಯ ದಾಖಲೆ. ಇವರೆಲ್ಲರ ಒಲವು ಹೆಚ್ಚಾಗಿ ಆಸ್ಥಾನದ ಮತ್ತು ದೇವಾಲಯದ ವಾದ್ಯಗಳ ಕಡೆಗಿತ್ತು. ಅಲಂಕಾರವಿಲ್ಲದ ಹಳ್ಳಿಯ ವಾದ್ಯಗಳಿಗೆ ಸಿಕ್ಕ ಸ್ಥಳ ಕಡಿಮೆ.

ಕರ್ನಾಟಕದಲ್ಲಿ ಈ ಕೊರತೆಯನ್ನು ತುಂಬುವ ಕೆಲಸ ವಿಶ್ವವಿದ್ಯಾನಿಲಯಗಳ ಜಾನಪದ ಅಧ್ಯಯನದೊಡನೆ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ರೂಪುಗೊಂಡು, ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿ ನೆಲೆಸಿತು. ಜೀ. ಶಂ. ಪರಮಶಿವಯ್ಯ ಅವರೊಡನೆ ಇದಕ್ಕಾಗಿ ದುಡಿದವರು ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ. ಅವರು ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು. ಉರುಮೆಯ ಸೀಮೆಯವರೊಬ್ಬರು ನಾಡಿನ ಮೊದಲ ದೊಡ್ಡ ಜಾನಪದ ಸಂಗ್ರಹವನ್ನು ಕಟ್ಟುವುದರಲ್ಲಿ ಕೈಜೋಡಿಸಿದರೆಂಬುದು ಸ್ಮರಣೀಯ. ಎಚ್. ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತಿನ ಮೂಲಕ ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿಯೂ ಜನಪದ ವಾದ್ಯಗಳ ಸಂಗ್ರಹವಿದೆ. ಅಲ್ಲಿ ವಸ್ತುಗಳ ಜೊತೆಗೆ ಧ್ವನಿಮುದ್ರಣಕ್ಕೂ ಚಿತ್ರೀಕರಣಕ್ಕೂ ಮಹತ್ವ ಕೊಟ್ಟದ್ದು ವಿಶೇಷ. ಬೆಂಗಳೂರಿನ ಜೆ. ಪಿ. ನಗರದಲ್ಲಿ 2019ರಲ್ಲಿ ಪೂರ್ಣಪ್ರಮಾಣದಲ್ಲಿ ತೆರೆದ ‘ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್’ ಸಂಗ್ರಹಾಲಯದಲ್ಲಿ ದೇಶದ ನಾನಾ ಭಾಗಗಳ ವಾದ್ಯಗಳನ್ನು ಅವುಗಳ ನಾದದೊಂದಿಗೆ ಪರಿಚಯಿಸಲಾಗುತ್ತದೆ.

ಹಳೆಯ ವಾದ್ಯದ ಪರೀಕ್ಷೆ

ಉರುಮೆಯ ಹಳೆತನವನ್ನು ಅಳೆಯಲು ಚರ್ಮವನ್ನು ನೋಡಿ ಪ್ರಯೋಜನವಿಲ್ಲ. ಅದು ಎಷ್ಟೋ ಬಾರಿ ಬದಲಾಗಿರುತ್ತದೆ. ಚರ್ಮ ಬದಲಾಗಿರುವುದು ದೋಷವೂ ಅಲ್ಲ, ವಾದ್ಯ ಬಳಕೆಯಲ್ಲಿತ್ತೆಂಬುದಕ್ಕೆ ಅದು ಸಾಕ್ಷಿ. ನೋಡಬೇಕಾದದ್ದು ಒಡಲನ್ನು. ಕೈಯುಳಿಯಿಂದ ಕೊರೆದ ಒಡಲಿನ ಒಳಮೈ ಏರುಪೇರಾಗಿರುತ್ತದೆ. ಯಂತ್ರದಲ್ಲಿ ತಿರುಗಿಸಿ ಮಾಡಿದ್ದರಲ್ಲಿ ಸಮನಾದ ವೃತ್ತಾಕಾರದ ಗೆರೆಗಳು ಕಾಣುತ್ತವೆ. ಪಟ್ಟಿ ಮತ್ತು ಹಗ್ಗ ಉಜ್ಜಿದ ಜಾಗಗಳಲ್ಲಿ ಮರ ಸವೆದು ಹೊಳಪೇರಿರಬೇಕು. ಬಾಯಿಯ ಅಂಚು ಬಳೆಯ ಒತ್ತಡಕ್ಕೆ ದುಂಡಾಗಿರಬೇಕು. ಈ ಸವೆತ ವಾದ್ಯವನ್ನು ಹಿಡಿಯುವ ಭಂಗಿಗೆ ಹೊಂದಿಕೆಯಾಗದೆ ಎಲ್ಲ ಕಡೆ ಒಂದೇ ಸಮನಾಗಿದ್ದರೆ ಅದು ಕೃತಕವೆಂದು ಸಂಶಯಪಡಲು ಕಾರಣವಿದೆ. ಹಳೆಯ ಸೀಳುಗಳಿಗೆ ಹಾಕಿದ ಲೋಹದ ಪಟ್ಟಿ, ಮೊಳೆ, ಹೊಲಿಗೆಗಳನ್ನು ಕೀಳದೆ ಉಳಿಸುವುದು ಉತ್ತಮ. ದುರಸ್ತಿಯೂ ವಾದ್ಯದ ಚರಿತ್ರೆಯ ಭಾಗ. ಬಾಗಿದ ಕೋಲಿಲ್ಲದ ಉರುಮೆ ಅಪೂರ್ಣ. ವ್ಯಾಪಾರಿಗಳ ಕೈಯಲ್ಲಿ ಮೊದಲು ಕಳೆದುಹೋಗುವುದೂ ಆ ಕೋಲೇ.

ದೇವರ ಸಾಮಗ್ರಿಗಳೊಡನೆ ಇಡುವ ಉರುಮೆ ಒಬ್ಬ ವ್ಯಕ್ತಿಯ ಸ್ವತ್ತಲ್ಲ. ಅದನ್ನು ಕುಟುಂಬದ ಒಬ್ಬರಿಂದ ಖರೀದಿಸಿದರೆ ಊರಿನ ಒಪ್ಪಿಗೆಯಿಲ್ಲದೆ ಪಡೆದಂತಾಗುತ್ತದೆ. ವಾದ್ಯ ಯಾವ ಊರಿನದು, ಒಡಲು ಮಾಡಿದವರು ಯಾರು, ಮುಖ ಕಟ್ಟಿದವರು ಯಾರು, ಯಾವ ದೇವರಿಗೆ ನುಡಿಸುತ್ತಿದ್ದರು, ಯಾವ ಗತಿಗಳನ್ನು ನುಡಿಸುತ್ತಿದ್ದರು ಎಂಬ ವಿವರಗಳನ್ನು ಪಡೆಯುವ ದಿನವೇ ಬರೆದಿಡಬೇಕು. ಸಾಧ್ಯವಾದರೆ ನುಡಿಸಿದವರ ಒಪ್ಪಿಗೆಯೊಡನೆ ಧ್ವನಿಯನ್ನೂ ಮುದ್ರಿಸಿಕೊಳ್ಳಬೇಕು. ಈ ವಿವರಗಳಿಲ್ಲದ ಉರುಮೆ, ಎಷ್ಟೇ ಹಳೆಯದಾದರೂ, ಅಧ್ಯಯನದ ದೃಷ್ಟಿಯಿಂದ ಗೋಡೆಯ ಅಲಂಕಾರಕ್ಕಿಂತ ಹೆಚ್ಚಿನದಲ್ಲ.

ಸಂರಕ್ಷಣೆ

ಹಸಿಚರ್ಮ ಗಾಳಿಯ ತೇವವನ್ನು ಹೀರಿ ಸಡಿಲವಾಗುತ್ತದೆ, ಒಣಹವೆಯಲ್ಲಿ ಬಿಗಿದು ಹರಿಯುತ್ತದೆ. ಸಂಗ್ರಹದಲ್ಲಿರುವ ವಾದ್ಯದ ಹಗ್ಗವನ್ನು ಪೂರ್ತಿ ಬಿಚ್ಚದೆ ತುಸು ಸಡಿಲಿಸಿಡುವುದು ವಾಡಿಕೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡ 50ರ ಆಸುಪಾಸಿನಲ್ಲಿ ಸ್ಥಿರವಾಗಿರುವುದು ಒಳ್ಳೆಯದು. ಚರ್ಮ ತಿನ್ನುವ ಜೀರುಂಡೆಯ ಮರಿಗಳು ಮತ್ತು ಮರ ಕೊರೆಯುವ ಹುಳುಗಳು ಮುಖ್ಯ ಶತ್ರುಗಳು. ಚರ್ಮಕ್ಕೆ ಎಣ್ಣೆ ಸವರಿದರೆ ನಾದ ಕುಗ್ಗುತ್ತದೆ, ಧೂಳೂ ಅಂಟುತ್ತದೆ. ಹಿಂದಿನ ಕಾಲದ ಸಂಗ್ರಹಗಳಲ್ಲಿ ಕೀಟನಾಶಕ್ಕೆ ಆರ್ಸೆನಿಕ್‌ನಂಥ ವಿಷವಸ್ತುಗಳನ್ನು ಬಳಸುತ್ತಿದ್ದುದರಿಂದ ಹಳೆಯ ವಸ್ತುಗಳನ್ನು ಮುಟ್ಟುವಾಗ ಕೈಗವಸು ಧರಿಸಬೇಕು.

ಚರ್ಮದ ಬದಲು ಕೃತಕ ಹಾಳೆಯನ್ನು ಬಳಸುವ ರೂಢಿ ಅಮೆರಿಕದಲ್ಲಿ 1950ರ ದಶಕದ ಉತ್ತರಾರ್ಧದಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಈಗ ಫೈಬರ್ ತಮಟೆ ಸಾಮಾನ್ಯವಾಗಿದೆ. ಮಳೆಯಲ್ಲಿ ನೆನೆದರೂ ಅದು ಸಡಿಲವಾಗುವುದಿಲ್ಲ, ನುಡಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುವ ಕೆಲಸವೂ ಇಲ್ಲ. ಉರುಮೆಯ ಬಡಿಯುವ ಮುಖಕ್ಕೆ ಇಂಥ ಹಾಳೆ ಹೊಂದಬಹುದಾದರೂ, ಉಜ್ಜುವ ಮುಖದಲ್ಲಿ ಲೇಪವನ್ನು ಹಿಡಿದುಕೊಳ್ಳುವ ಚರ್ಮದ ಒರಟುತನ ನುಣುಪಾದ ಹಾಳೆಗೆ ಇರುವುದಿಲ್ಲ.

ಕಾನೂನು

1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದ ಪ್ರಕಾರ 100 ವರ್ಷಕ್ಕೆ ಕಡಿಮೆಯಿಲ್ಲದ ಕರಕುಶಲ ವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿ ವ್ಯಕ್ತಿಗಳು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಹಳೆಯ ಉರುಮೆಯೂ ಇದರ ವ್ಯಾಪ್ತಿಗೆ ಬರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಉಡದ ಚರ್ಮ ಹೊದಿಸಿದ ಹಳೆಯ ಖಂಜಿರ ಮೊದಲಾದ ವಾದ್ಯಗಳ ಮಾರಾಟ ನಿಷಿದ್ಧ. ಜನಪದ ವಾದ್ಯಗಳನ್ನು ಒಟ್ಟಾಗಿ ಕೊಳ್ಳುವವರು ಈ ಅಂಶವನ್ನು ಮೊದಲೇ ಪರಿಶೀಲಿಸಬೇಕಾಗುತ್ತದೆ. ದಾನವಾಗಿ ಬಂದ ವಾದ್ಯಗಳ ವಿಷಯದಲ್ಲಿ ದಾನಿಯ ಹೆಸರು, ಊರು ಮತ್ತು ಒಪ್ಪಿಗೆಯ ಪತ್ರವನ್ನು ವಾದ್ಯದೊಡನೆ ಒಂದೇ ಕ್ರಮಸಂಖ್ಯೆಯಲ್ಲಿ ದಾಖಲಿಸುವುದು ವಸ್ತುಸಂಗ್ರಹಾಲಯಗಳ ಪದ್ಧತಿ.